ಮರ ಒಣಗುವ ತನಕ

ಕೆಲಸಗಾರರು ಬರುವುದು ಒಂಬತ್ತು ಗಂಟೆಗೆ. ಅದಕ್ಕೂ ಮುಂಚೆ ಶೆಡ್ಡಿನ ಬಾಗಿಲು ತೆಗೆದು, ನೆರಳಲ್ಲಿ ಪೇರಿಸಿಟ್ಟ ಆಲೆಮರದ ತುಂಡುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡುತ್ತೇನೆ. ಹಸಿ ಮರ ತಣ್ಣಗೆ, ಭಾರ. ಒಣಗಿದ್ದು ಹಗುರ, ಒಂದಕ್ಕೊಂದು ತಟ್ಟಿದರೆ ಠಣ್ಣೆನ್ನುತ್ತದೆ. ಇಷ್ಟನ್ನು ಕಲಿಯಲು ನನಗೆ ಒಂದು ವರ್ಷವೂ ಬಂಡವಾಳದಲ್ಲಿ ದೊಡ್ಡದೊಂದು ಪಾಲೂ ಬೇಕಾದವು.

ಚನ್ನಪಟ್ಟಣದಲ್ಲಿ ಆಟಿಕೆಯ ಸಣ್ಣ ಉದ್ಯಮ ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಚಿತ್ರ: ಹಸುಗೂಸಿನ ಗಿಲಕಿ. ನಡುವೆ ಹಿಡಿ, ಅದರ ಮೇಲೆ ಸಡಿಲವಾಗಿ ಓಡಾಡುವ ಮೂರು ಬಳೆ. ಬಳೆಗೆ ಬಳೆ ತಾಗಿ ಸದ್ದು ಬರಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಪರೀಕ್ಷೆಯಿದೆ. 31.7 ಮಿಲಿಮೀಟರ್ ಅಡ್ಡಳತೆಯ ಪುಟ್ಟ ಕೊಳವೆಯೊಳಗೆ ಆಟಿಕೆಯ ಯಾವ ಬಿಡಿಭಾಗವೂ ಪೂರ್ತಿ ಇಳಿಯಕೂಡದು. ಅಲ್ಲಿ ಇಳಿದದ್ದು ಮಗುವಿನ ಗಂಟಲಿಗೂ ಇಳಿದೀತು. ನನ್ನ ಬಳೆಗಳು ಅದಕ್ಕಿಂತ ದೊಡ್ಡವೇ. ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ.

ಲೇತಿನ ಮುಂದೆ ಕೂತಿದ್ದ ಹಿರಿಯರು ಮರ ಮುಟ್ಟಿ ನೋಡಿ, "ಇನ್ನೂ ಹಸಿ ಐತೆ ಸಾರ್. ಎರಡು ತಿಂಗಳಾದ್ರೂ ಬಿಡ್ಬೇಕು" ಎಂದರು. ದಸರೆಗೆ ಮುಂಚೆ ಅಂಗಡಿಗೆ ಮುಟ್ಟಿಸುವ ಮಾತು ಕೊಟ್ಟಾಗಿತ್ತು. "ಇದೊಂದ್ಸಲ ಮಾಡ್ಬಿಡಿ ಚಾಚಾ" ಎಂದೆ. ಅವರು ಮಾತು ಬೆಳೆಸದೆ ಉಳಿ ಎತ್ತಿಕೊಂಡರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು. ಅರಿಶಿನ ಬಣ್ಣದ ಆ ಗಿಲಕಿಗಳಷ್ಟು ಚೆಂದದ ವಸ್ತುವನ್ನು ನಾನು ಅದುವರೆಗೆ ನನ್ನದು ಎಂದು ಕರೆದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಗಿಲಕಿಗಳು ಮೂಕವಾದವು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ದುಂಡಗಿದ್ದ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿ ಹಿಡಿಯನ್ನು ಕಚ್ಚಿಕೊಂಡಿತ್ತು. ಕೆಲವು ಬಿರುಕು ಬಿಟ್ಟಿದ್ದವು. ಎಲ್ಲವನ್ನೂ ವಾಪಸ್ ತರಿಸಿಕೊಂಡು ದುಡ್ಡು ಹಿಂದಿರುಗಿಸಿದೆ. ಚಾಚಾ ಒಂದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಸುಮ್ಮನೆ ಕೆಳಗಿಟ್ಟರು. ಅವರ ಕೈಕೆಲಸದಲ್ಲಿ ಕುಂದಿರಲಿಲ್ಲ. ನನ್ನ ಅವಸರಕ್ಕೆ ಅವರ ಹೆಸರು ಕೆಟ್ಟಿತು. ಈಗಲೂ ನೋಯುವುದು ಅದೇ.

ಈ ಊರಿನ ಆಟಿಕೆಗಳ ತಂದೆ ಎಂದು ಹೆಸರಾದ ಬಾವಾಸ್ ಮಿಯಾನ್ ಜಪಾನಿನ ಅರಗು ಕೆಲಸದ ವಿಧಾನ ಕಲಿತು ಇಲ್ಲಿನವರಿಗೆ ಹೇಳಿಕೊಟ್ಟರು. ಹಾಗೆ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆಯಲ್ಲಿ ಕಾಯುವುದೂ ಸೇರಿದೆ. ನಾನು ಉಳಿಯ ಕೆಲಸಕ್ಕೆ ಕೂಲಿ ಕೊಟ್ಟೆ, ಕಾಯಬೇಕೆಂಬ ಮಾತಿಗೆ ಬೆಲೆ ಕೊಡಲಿಲ್ಲ.

ಗಿಲಕಿಗಳು ವಾಪಸ್ ಬಂದ ರಾತ್ರಿ ಲೆಕ್ಕದ ಪುಸ್ತಕ ತೆರೆದು ನೋಡಿದೆ. ಮರ, ಅರಗು, ಕೂಲಿ, ಸಾಗಣೆ, ಅಂಗಡಿಯವರ ಪಾಲು. ಒಣಗುವ ತಿಂಗಳುಗಳಿಗೆ ಅಲ್ಲಿ ಸಾಲೇ ಇರಲಿಲ್ಲ. ಕೆಟ್ಟುಹೋಗುವ ತುಂಡುಗಳಿಗೂ ಇರಲಿಲ್ಲ. ಬೆಲೆ ಕಡಿಮೆ ಕಾಣಿಸಲು ಅವನ್ನು ಬಿಟ್ಟಿದ್ದೆ. ಹಾಗೆ ಬಿಟ್ಟವರ ಕೈ ಕೊನೆಗೆ ಹೋಗುವುದು ಕೂಲಿಯ ಸಾಲಿಗೇ, ಏಕೆಂದರೆ ಮರದ ವ್ಯಾಪಾರಿ ಬಿಡುವುದಿಲ್ಲ, ಲಾರಿಯವನು ಬಿಡುವುದಿಲ್ಲ, ಲೇತಿನ ಮುಂದೆ ಕೂತವರು ಮಾತ್ರ ಸುಮ್ಮನಿರುತ್ತಾರೆ. ಇದು ಅನ್ಯಾಯ. ಹೊಸದಾಗಿ ಈ ದಾರಿಗೆ ಬರುವವರು ಕೂಲಿಯನ್ನೂ ಕಾಯುವ ಖರ್ಚನ್ನೂ ಮೊದಲು ಬರೆದು, ಉಳಿದ ಲೆಕ್ಕ ಆಮೇಲೆ ಹಾಕಲಿ. ಗಿಲಕಿಯ ಬೆಲೆ ಏರುತ್ತದೆ, ಕೊಳ್ಳುವವರು ಕಡಿಮೆಯಾಗುತ್ತಾರೆ. ನನಗೂ ಹಾಗೇ ಆಗಿದೆ. ಆದರೆ ಈಗ ಹೋದ ಗಿಲಕಿ ವಾಪಸ್ ಬರುತ್ತಿಲ್ಲ.

ಬೆಂಗಳೂರು–ಮೈಸೂರು ದಾರಿಯಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಇಳಿದಾಗ, ಬೆಲೆ ವಿಚಾರಿಸುವ ಮೊದಲು ಮರ ಎಷ್ಟು ತಿಂಗಳು ಒಣಗಿದೆ ಎಂದು ಕೇಳಿ. ಮಾಡಿದವರೇ ಎದುರಿಗಿದ್ದರೆ ಖುಷಿಯಿಂದ ಹೇಳುತ್ತಾರೆ.