ಕಾಯಕವೂ ಕಟ್ಟಳೆಯೂ

ಯಾವ ಕೆಲಸವೂ ಕೀಳಲ್ಲವೆಂಬ ಮಾತನ್ನು ನಾವೆಲ್ಲರೂ ಉಪದೇಶಿಸುತ್ತಿರುವೆವು. ಮಾತೇನೋ ಸತ್ಯವಾದುದೇ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿರುವರೆಂಬುದು ವಿಚಾರಣೀಯವಾಗಿದೆ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಹೊತ್ತು ಮೂಡುವ ಮುನ್ನವೇ ಬೀದಿ ಗುಡಿಸುವ ಪೌರಕಾರ್ಮಿಕರಿಗೆ "ನಿಮ್ಮದೂ ಕಾಯಕವೇ" ಎಂದು ಮಹಡಿಯ ಮೇಲಿನಿಂದ ಹೇಳುವ ಗೃಹಸ್ಥನು, ಆ ಪೊರಕೆಯನ್ನು ತನ್ನ ಮಗನ ಕೈಗೆ ಕೊಡಲೊಪ್ಪುವನೆ?

ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನನ್ನೇ ಪಾಣಿನಿಯು ಕರ್ತೃವೆಂದು ಕರೆದನು. ಮರ ಕಡಿಯುವವನ ಕೈಯಲ್ಲಿರುವ ಕೊಡಲಿಯು ಕರ್ತೃವಲ್ಲ, ಬರಿಯ ಕರಣ. ವ್ಯಾಕರಣದ ಈ ವಿವೇಕವು ಕಾಯಕಕ್ಕೂ ಸಲ್ಲುವುದೆಂದು ನನ್ನ ಮತ. ಪತಿಯು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯು ವಾಚಕರಿಗೆ ತಿಳಿದುದೇ. ಬೇಡವೆನ್ನುವ ಅಧಿಕಾರವು ಆಕೆಗಿದ್ದುದರಿಂದಲೇ ಅಕ್ಕಿ ಆಯುವುದು ಕಾಯಕವಾಯಿತು. ಬೇಡವೆನ್ನಲಾಗದವನ ದುಡಿಮೆಗೆ ಬೇರೆಯೇ ಹೆಸರುಂಟು.

ಆ ಹೆಸರನ್ನು ಅಮೆರಿಕಾ ದೇಶವು 1865ರ ಸಂವಿಧಾನ ತಿದ್ದುಪಡಿಯಿಂದ ಅಳಿಸಿಹಾಕಿತು; ಗುಲಾಮಗಿರಿಯು ಕಾನೂನಿನಲ್ಲಿ ಮುಗಿಯಿತು. ಆದರೂ ಶತಮಾನ ಕಳೆದ ಮೇಲೆ, 1968ರಲ್ಲಿಯೂ, ಮೆಂಫಿಸ್ ನಗರದ ಕಸ ಹೊರುವವರು ಬಹುಮಟ್ಟಿಗೆ ಕರಿಯರೇ ಆಗಿದ್ದರು. ಆ ವರ್ಷದ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯನ್ನು ಹೊಕ್ಕ ಇಬ್ಬರು ಅದರ ಯಂತ್ರಕ್ಕೆ ಸಿಕ್ಕಿ ಮಡಿದರು. ಬಳಿಕ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರು ಹಿಡಿದ ಫಲಕಗಳು ಸಾರಿದುದು ಒಂದೇ ಸಂಗತಿ: ತಾನು ಮನುಷ್ಯನೆಂಬುದು. ತಮ್ಮ ಕೆಲಸವನ್ನು ಪವಿತ್ರವೆನ್ನಿರೆಂದು ಅವರು ಬೇಡಲಿಲ್ಲ. ತಕ್ಕ ಕೂಲಿಯನ್ನೂ ತಮ್ಮ ಸಂಘಕ್ಕೆ ಮನ್ನಣೆಯನ್ನೂ ಕೇಳಿದರು. ಬೆಂಬಲಕ್ಕೆ ಹೋಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರು ಏಪ್ರಿಲ್ 4ರಂದು ಅಲ್ಲಿಯೇ ಹತರಾದರು. ಅದಾದ ಮೇಲೆ, 16ರಂದು, ಒಪ್ಪಂದವಾಯಿತು.

ಅಲ್ಲಿ ಭೇದವು ಮೈಬಣ್ಣದಲ್ಲಿ ಕಣ್ಣಿಗೆ ಬೀಳುವುದು; ಇಲ್ಲಿ ಯಾವ ಕೇರಿಯವನೆಂದು ಕೇಳಿ ತಿಳಿಯಬೇಕು. ಕೇಳುವುದರಲ್ಲಿ ನಾವು ನಿಪುಣರು! ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳಾದವು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವು ನಿಂತಿಲ್ಲವೆಂಬುದಕ್ಕೆ ಪ್ರಮಾಣ.

ನಮ್ಮ ಹರಿಹರದಲ್ಲಿ 1938ರಲ್ಲಿ ಜನಿಸಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯೂ ಹೊಗಳಿಕೆಯನ್ನು ಬಯಸಲಿಲ್ಲ. ಭೂಮಿಯನ್ನೂ ಮಾನವನ್ನೂ ಕೇಳಿತು. ಹೀಗೆ ಕೇಳಿದವರ ಮೇಲೆ ಮುನಿಯುವುದು ಹಳೆಯ ಚಾಳಿ. ಕಲ್ಯಾಣದಲ್ಲಿ ಹರಳಯ್ಯನು ಮೆಟ್ಟು ಹೊಲಿಯುತ್ತಿದ್ದಷ್ಟು ಕಾಲ ಯಾರಿಗೂ ಕೋಪ ಬರಲಿಲ್ಲ. ಆತನ ಮಗನಿಗೆ ಮಧುವರಸನು ಮಗಳನ್ನು ಕೊಟ್ಟಾಗಲೇ ಬಿಜ್ಜಳನ ದಂಡನೆಯು ಇಳಿದುದು.

ಹಾಗಾದರೆ ಬೀದಿಯನ್ನು ಗುಡಿಸುವವರಾರೆಂಬ ಪೂರ್ವಪಕ್ಷವೇಳುವುದು. ತಕ್ಕ ಸಂಬಳವಿರಲಿ, ಯಂತ್ರವಿರಲಿ, ರಜೆಯಿರಲಿ, ದಣಿದಾಗ ಕೂರಲು ನೆರಳಿರಲಿ. ಆಮೇಲೆ ಅರ್ಜಿ ಹಾಕುವವರು ಯಾವ ಯಾವ ಕೇರಿಗಳಿಂದ ಬರುವರೆಂದು ನೋಡೋಣ. ಗುಡಿಸುವವಳ ಮಗಳು ಪುಸ್ತಕ ಹಿಡಿದು ಕಾಲೇಜಿಗೆ ಹೋಗುವುದನ್ನು ಇಂದು ನಮ್ಮೂರಿನಲ್ಲಿ ಕಾಣಬಹುದು. ಮೇಲಿನ ಕೇರಿಯ ಹುಡುಗನು ಪೊರಕೆಯ ಕೆಲಸಕ್ಕೆ ಸಾಲಿನಲ್ಲಿ ನಿಲ್ಲುವುದನ್ನು ಇನ್ನೂ ಕಾಣಬೇಕಾಗಿದೆ.