ಆಡದೆ ಉಳಿದ ಮಾತು

“ಟೀಚರ್, ತಪ್ಪು ಮಾಡಿದ್ದಾನೆ ಅಂತ ಗೊತ್ತಿದ್ರೂ ವಕೀಲರು ಅವನ ಪರ ಯಾಕೆ ವಾದ ಮಾಡ್ತಾರೆ? ದುಡ್ಡಿಗಾ?”

ನ್ಯಾಯಾಂಗದ ಪಾಠ ಮಾಡುತ್ತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು. ರಾತ್ರಿ ಅಕ್ಕಿ ಆರಿಸುವಾಗಲೂ ಬಿಡಲಿಲ್ಲ.

ಆಗ ನೆನಪಾದವನು ಥಾಮಸ್ ಅರ್ಸ್ಕಿನ್. ಸ್ಕಾಟ್ಲೆಂಡಿನವನು. ನೌಕಾಪಡೆ, ಭೂಸೇನೆ ಎರಡರಲ್ಲೂ ದುಡಿದು 1778ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರನಾದ. 1783ರಲ್ಲಿ ಪಾರ್ಲಿಮೆಂಟು ಸೇರಿದ. ಕೋರ್ಟಿನಲ್ಲಿ ಸಿಂಹದಂತಿದ್ದವನು ಸದನದಲ್ಲಿ ಸಪ್ಪೆಯಾದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕುರಿತ ಮಸೂದೆಯ ಮೇಲೆ ಆತ ಆಡಿದ ಮೊದಲ ಭಾಷಣವೇ ಸೋತಿತು. ಸದನದಲ್ಲಿ ಪಕ್ಷದ ಪರ ಮಾತಾಡಬೇಕು, ಕೋರ್ಟಿನಲ್ಲಿ ಒಬ್ಬ ಮನುಷ್ಯನ ಪರ. ಆತನ ಮಾತಿಗೆ ಜೀವ ಬರುತ್ತಿದ್ದದ್ದು ಎರಡನೆಯದರಲ್ಲಿ.

1792ರಲ್ಲಿ ಥಾಮಸ್ ಪೇನ್ ಬರೆದ ಪುಸ್ತಕವೊಂದು ರಾಜದ್ರೋಹದ್ದೆಂದು ಮೊಕದ್ದಮೆ ಹೂಡಿದರು. ಪೇನ್ ಅರಸೊತ್ತಿಗೆಯೇ ಬೇಡವೆಂದವನು. ಅರ್ಸ್ಕಿನ್‌ಗೆ ಅದು ಒಪ್ಪಿಗೆಯಿರಲಿಲ್ಲ. ಮೇಲಾಗಿ ಆತ ಯುವರಾಜನ ಅಟಾರ್ನಿ ಜನರಲ್. ಬೇಡವೆಂದು ಹೇಳಿದವರ ಮಾತು ಕೇಳದೆ ವಕಾಲತ್ತು ವಹಿಸಿದ. ಕೇಸೂ ಸೋತಿತು, ಯುವರಾಜನ ಬಳಿಯಿದ್ದ ಹುದ್ದೆಯೂ ಹೋಯಿತು. ಆತನ ನಿಲುವು ಇಷ್ಟೆ: ಆರೋಪಿ ತಪ್ಪಿತಸ್ಥನೆಂದು ವಕೀಲನೇ ತೀರ್ಮಾನಿಸಿ ಹಿಂದೆ ಸರಿದರೆ, ವಿಚಾರಣೆಗೆ ಮೊದಲೇ ಆತ ನ್ಯಾಯಾಧೀಶನ ಪೀಠದಲ್ಲಿ ಕೂತಂತೆ.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. 1797ರಲ್ಲಿ ಅದೇ ಪೇನನ ಇನ್ನೊಂದು ಪುಸ್ತಕ ಮಾರಿದ ವಿಲಿಯಮ್ಸ್ ಎಂಬ ವ್ಯಾಪಾರಿಯ ವಿರುದ್ಧ ಇದೇ ಅರ್ಸ್ಕಿನ್ ವಾದಿಸಿ ಗೆದ್ದ! ಹಾಗಾದರೆ ನಾಲಿಗೆ ಬಾಡಿಗೆಯದೇ? ಆಮೇಲೆ ವಿಲಿಯಮ್ಸನ ಮನೆಯ ಬಡತನವನ್ನು, ಕಾಯಿಲೆ ಬಿದ್ದ ಮಕ್ಕಳನ್ನು ಕಣ್ಣಾರೆ ಕಂಡ. ದಯೆ ತೋರಿಸಿ ಎಂದು ತನ್ನ ಕಕ್ಷಿದಾರರನ್ನು ಕೇಳಿದ. ಅವರು ಒಪ್ಪದಿದ್ದಾಗ ಆ ಕೇಸನ್ನೇ ಕೈಬಿಟ್ಟ. ಎರಡು ಕಡೆಗೂ ವಾದಿಸುವುದು ವೃತ್ತಿಧರ್ಮವಿರಬಹುದು. ಆದರೆ ವೃತ್ತಿಗೂ ಕಣ್ಣಿರಬೇಕು.

ಇಷ್ಟೆಲ್ಲ ಯೋಚಿಸಿದ್ದು ಅರ್ಸ್ಕಿನ್‌ಗಾಗಿ ಅಲ್ಲವೆಂದು ನನಗೆ ಗೊತ್ತು. ಬಹಳ ವರ್ಷಗಳ ಹಿಂದೆ, ನಾನಿನ್ನೂ ಖಾಯಂ ಆಗಿರದ ಕಾಲದಲ್ಲಿ, ಒಂದು ಶಾಲೆಯಲ್ಲಿ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ಮೊದಲೇ ಹೆಸರು ಕೆಡಿಸಿಕೊಂಡಿದ್ದ ಒಂಬತ್ತನೇ ತರಗತಿಯ ಹುಡುಗನನ್ನು ಕರೆದು ನಿಲ್ಲಿಸಿದರು. ಅವನು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ‘ಕದ್ದಿಲ್ಲವೆಂದು ನನಗೆ ಗೊತ್ತಿಲ್ಲವಲ್ಲ, ಏನೆಂದು ಹೇಳಲಿ?’ ಎಂದು ನಾನು ತಲೆ ತಗ್ಗಿಸಿದೆ. ಹತ್ತೇ ನಿಮಿಷದಲ್ಲಿ ಟಿ.ಸಿ. ಬರೆದದ್ದಾಯಿತು. ಅವನು ಕದ್ದಿದ್ದನೋ ಇಲ್ಲವೋ ಇವತ್ತಿಗೂ ತಿಳಿಯದು. ಗೊತ್ತಿಲ್ಲ ಎನ್ನುವುದೇ ಬಾಯಿ ತೆರೆಯಲು ಸಾಕಷ್ಟು ಕಾರಣವಾಗಿತ್ತು. “ಸಾರ್, ಅವನ ಮಾತನ್ನೂ ಒಮ್ಮೆ ಕೇಳೋಣ” ಎಂದಿದ್ದರೆ ಸಾಕಿತ್ತು. ಆದರೆ ನನಗೆ ನೌಕರಿಯ ಭಯ.

ಮರುದಿನ ತರಗತಿಯಲ್ಲಿ ಅರ್ಸ್ಕಿನ್ ಕಥೆಯ ಜೊತೆಗೆ ಇದನ್ನೂ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಟೀಚರ್, ಆ ಅಣ್ಣ ಆಮೇಲೆ ಓದಿದ್ನಾ?”

ಈ ಸಲ ಗಂಟೆ ಹೊಡೆಯಲಿಲ್ಲ.