ಮಳೆ ನಿಲ್ಲಲಿ ಎನ್ನುವ ಹಕ್ಕು

ದೂರದ ಸೈಕಲ್ ಸವಾರಿಗೆ ಹೊರಡುವ ಬೆಂಗಳೂರಿನವರು ಆರಿಸಿಕೊಳ್ಳುವ ದಾರಿಗಳಲ್ಲಿ ದೇವರಾಯನದುರ್ಗದಿಂದ ಕೊರಟಗೆರೆ, ಹೊಳವನಹಳ್ಳಿ, ಮಧುಗಿರಿಯ ಕಡೆಗೆ ಚಾಚಿಕೊಂಡ ಗುಡ್ಡಗಾಡೂ ಒಂದು. ಹುಬ್ಬೆ ಮಳೆಯೋ ಉತ್ತರೆ ಮಳೆಯೋ ಜಿಟಿಜಿಟಿ ಹಿಡಿದುಕೊಂಡ ದಿನ ಆ ದಾರಿ ಸವಾರನಿಗೆ ಸಲೀಸಲ್ಲ. ರಿಮ್ ನೆನೆದು ಬ್ರೇಕ್ ಜಾರುತ್ತದೆ, ಚೈನಿಗೆ ಮರಳು ಸಿಕ್ಕುತ್ತದೆ, ಏರಿನಲ್ಲಿ ಬೆವರಿದ ಮೈ ಇಳಿಜಾರಿನಲ್ಲಿ ಗಡಗಡ ನಡುಗುತ್ತದೆ. ‘ಈ ಹಾಳು ಮಳೆ ಒಂದು ನಿಂತರೆ ಸಾಕಪ್ಪಾ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅದೇ ಗಳಿಗೆಯಲ್ಲಿ, ರಸ್ತೆಯಿಂದ ಹತ್ತು ಮಾರು ಆಚೆ, ಗೋಣಿಕೊಪ್ಪೆ ಹೊದ್ದು ಬದುವಿನ ಮೇಲೆ ನಿಂತ ರಾಗಿ ಹೊಲದವನು ಇನ್ನೊಂದು ಹದ ಬೀಳಲಿ ಎನ್ನುತ್ತಿರುತ್ತಾನೆ. ಒಂದೇ ಆಕಾಶಕ್ಕೆ ಎರಡು ಅರ್ಜಿ. ಬಸ್ಸಿನಲ್ಲಿ ಕೂತವನಿಗೆ ಈ ವ್ಯಾಜ್ಯವೇ ಇಲ್ಲ, ಅವನು ಕಿಟಕಿ ಮುಚ್ಚಿದರೆ ಮುಗಿಯಿತು. ಸೈಕಲ್ಲು ಮಾತ್ರ ಪಟ್ಟಣದವನನ್ನು ತಂದು ರೈತನ ಎದುರಿನ ಕಕ್ಷಿಯಾಗಿ ನಿಲ್ಲಿಸುತ್ತದೆ. ಸವಾರನ ಆ ಮಾತು ಬರೀ ಗೊಣಗಾಟವೋ, ಅದರಲ್ಲಿ ಒಂದು ತಪ್ಪಿದೆಯೋ? ಇದೆ ಎಂಬುದು ನನ್ನ ವಾದ. ಆದರೆ ಆ ತಪ್ಪು ಇರುವುದು ನಾವು ಮೊದಲು ಹುಡುಕುವ ಜಾಗದಲ್ಲಿ ಅಲ್ಲ.

ಇದು ಪಶ್ಚಿಮ ಘಟ್ಟಗಳ ಮಳೆನೆರಳಿನ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಸುರಿದರೆ ಇಲ್ಲಿಗೆ ಸಿಗುವುದು 600ರ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬೀಳಬೇಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ವರ್ಷದ ಬಹುಕಾಲ ಬರೀ ಮರಳು. ತೆನೆ ಕಟ್ಟುವ ಹೊತ್ತಿಗೆ ಒಂದು ಮಳೆ ತಪ್ಪಿದರೆ ರಾಗಿ ಜೊಳ್ಳು. ಹಾಗಾಗಿ ಎರಡು ಅರ್ಜಿಗಳ ತೂಕ ಒಂದೇ ಅಲ್ಲ: ಒಂದು ಕಡೆ ಒಂದು ದಿನದ ಸುಖ, ಇನ್ನೊಂದು ಕಡೆ ವರ್ಷದ ಮುದ್ದೆ.

ಹಾರೈಕೆಯಿಂದ ಮೋಡ ಕದಲುವುದಿಲ್ಲವಲ್ಲ, ಅದಕ್ಕೇಕೆ ಪಾಪಪುಣ್ಯದ ಲೆಕ್ಕ ಎಂದು ಯಾರಾದರೂ ಕೇಳಬಹುದು. 2019ರ ಜೂನ್‌ನಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಸರ್ಕಾರವೇ ಮಳೆಗಾಗಿ ಪೂಜೆ ಮಾಡಿಸಿತು, ಆಗಸ್ಟಿನಲ್ಲಿ ಬೆಳಗಾವಿ, ಕೊಡಗು ನೆರೆಯಲ್ಲಿ ಮುಳುಗಿದವು. ಇದನ್ನು ಪೂಜೆಯ ಫಲ ಎನ್ನುವವರೂ ಇಲ್ಲ, ಪೂಜೆಯ ತಪ್ಪು ಎನ್ನುವವರೂ ಇಲ್ಲ. ಒಪ್ಪೋಣ. ಆದರೆ ಬೀದಿ ನಲ್ಲಿಯ ಮುಂದೆ ಸಾಲು ನಿಂತಿರುವಾಗ, ತನಗೆ ಬೇಡದ ನೀರು ಎಲ್ಲರಿಗೂ ನಿಂತುಹೋಗಲಿ ಎಂದುಕೊಳ್ಳುವವನು ನಲ್ಲಿಯನ್ನು ಮುಟ್ಟದಿದ್ದರೂ ಸಾಲಿನಲ್ಲಿದ್ದವರನ್ನು ಮನಸ್ಸಿನಿಂದ ಅಳಿಸಿಹಾಕಿರುತ್ತಾನೆ. ಸವಾರನ ತಪ್ಪು ಇರುವುದೂ ಅಲ್ಲಿ. ಅವನ ಹಾರೈಕೆ ಮೋಡವನ್ನು ಸರಿಸುವುದಿಲ್ಲ, ಬದುವಿನ ಮೇಲಿದ್ದವನನ್ನು ಕಾಣದಂತೆ ಮಾಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಲದಿಂದಲೇ ಬರುತ್ತದೆ. ಕಡಲೆಕಾಯಿ ಕಿತ್ತು ಹರಡಿದ ಮೇಲೆ ಚಿತ್ತೆಯೋ ಸ್ವಾತಿಯೋ ಹಿಡಿದುಕೊಂಡರೆ ಕಾಯಿ ಮೊಳೆಯುತ್ತದೆ, ದನಕ್ಕೆಂದಿದ್ದ ಬಳ್ಳಿ ಕೊಳೆಯುತ್ತದೆ. ಆಗ ಮಳೆ ಸಾಕು ಎನ್ನುವವನು ರೈತನೇ. ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಲೆಂದೂ ಹರಕೆ, ನಿಲ್ಲಲೆಂದೂ ಹರಕೆ. ಶಿರಾದ ಹಳೆಯ ಜಾಮಿಯಾ ಮಸೀದಿಯಲ್ಲಿ ನಮಾಜು ಮಾಡುವವರ ಪರಂಪರೆಯಲ್ಲೂ ಇಂಥದೊಂದು ಪ್ರಸಂಗವಿದೆ. ಬರಕ್ಕೆ ಪ್ರವಾದಿಯವರು ಪ್ರಾರ್ಥಿಸಿ ಮಳೆ ಬಂದು, ವಾರವಾದರೂ ಬಿಡದೆ ಮನೆ ಕುಸಿದು ದನಕರು ಸಾಯತೊಡಗಿದಾಗ ಅವರು ಬೇಡಿದ್ದು ಮಳೆ ನಿಲ್ಲಲಿ ಎಂದಲ್ಲ. ಅದು ಊರ ಮೇಲೆ ಬೀಳದೆ ಸುತ್ತಲಿನ ಗುಡ್ಡಗಳ ಮೇಲೆ, ಕಣಿವೆಗಳಲ್ಲಿ, ಮರಗಿಡಗಳ ಬುಡಕ್ಕೆ ಬೀಳಲಿ ಎಂದು. (ಗುಡ್ಡದ ಮೇಲಿರುವ ಸವಾರನಿಗೆ ಇದರಿಂದ ಉಪಯೋಗವಿಲ್ಲ, ಅದು ಬೇರೆ ಮಾತು.) ಆದ್ದರಿಂದ ನಿಲ್ಲಲಿ ಎನ್ನುವುದೇ ಪಾಪವಲ್ಲ. ಆ ಮಾತು ಯಾರೆಲ್ಲರ ನಷ್ಟವನ್ನು ಎಣಿಸಿದ ಮೇಲೆ ಹೊರಟಿತು ಎಂಬುದು ಪ್ರಶ್ನೆ.

ಹಾಗಾದರೆ ಸವಾರ ಸುಮ್ಮನೆ ಸಹಿಸಿಕೊಳ್ಳಲಿ, ಶೀತೋಷ್ಣಗಳನ್ನು ತಾಳಿಕೋ ಎಂದು ಗೀತೆಯ ಎರಡನೆಯ ಅಧ್ಯಾಯವೇ ಹೇಳುತ್ತದಲ್ಲ ಎನ್ನಬಹುದು. ನನಗೆ ಇಲ್ಲಿ ತಿತಿಕ್ಷೆಯ, ಅಂದರೆ ಆ ತಾಳಿಕೆಯ, ಹೆಸರೆತ್ತಲು ಹಿಂಜರಿಕೆ. ಬ್ರೆವೆ ಎಂಬ ದೂರಸವಾರಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವು, ಮಳೆ ಬಂದರೂ ಗಡಿಯಾರ ನಿಲ್ಲದು. ಆದರೆ ಸಾಕೆನಿಸಿದವನು ಸೈಕಲ್ಲನ್ನು ಬಸ್ಸಿನ ಮೇಲೇರಿಸಿ ಮನೆಗೆ ಹೋಗಬಹುದು. ಬರಕ್ಕೆ ಸಿಕ್ಕವನಿಗೆ ಅಂಥ ಬಸ್ಸಿಲ್ಲ. ಬೇಕೆಂದೇ ಕೊಂಡುತಂದ ಕಷ್ಟವನ್ನು ತಪಸ್ಸೆಂದು ಕರೆದುಕೊಳ್ಳುವುದು ಗೊಣಗುವುದಕ್ಕಿಂತ ದೊಡ್ಡ ಸೊಕ್ಕು. ಅವನು ರೇನ್‌ಕೋಟು ತೊಡಲಿ, ಗುಡಿಯ ಜಗಲಿಯಲ್ಲಿ ನಿಲ್ಲಲಿ, ನಡುಗಿದರೆ ಬಿಸಿ ಚಹಾ ಕುಡಿಯಲಿ. ತನ್ನ ಮೈಗೆ ಮರೆ ಮಾಡಿಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಇದೇ ಮಳೆನೆರಳಿನ ಸೀಮೆಯ ಪಾವಗಡಕ್ಕೆ ಬಂದರೆ ಲೆಕ್ಕ ಮತ್ತೆ ಗೋಜಲಾಗುತ್ತದೆ. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಜಮೀನನ್ನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಆ ಹಣ ಮಳೆ ಬಂದರೂ ಬರದಿದ್ದರೂ ಕೈಸೇರುತ್ತದೆ, ಫಲಕಗಳಿಗಂತೂ ಮೋಡವೆಂದರೆ ಆಗದು. ಬಾನು ತಿಳಿಯಾಗಲಿ ಎಂಬ ಸವಾರನ ಅರ್ಜಿಗೆ ಕಡೆಗೂ ಇಲ್ಲಿ ಜೊತೆ ಸಿಕ್ಕಂತಾಯಿತು. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ, ತಮ್ಮದೆಂಬ ತುಂಡು ನೆಲವಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣವಿಲ್ಲ. ಪಕ್ಕದೂರಿನ ಹೊಲ ಹಸಿಯಾದರೆ ಮಾತ್ರ ಅವರಿಗೆ ನಾಳೆಯ ಕೂಲಿ.